ಮಲ್ಲನ ಎಡಗಣ್ಣು

ಈಚೆಗೆ ಮಧ್ಯಾಹ್ನ ಊಟ ಮುಗಿಸಿ ಕಂಬಳಿಯ ಮೇಲೆ ಅಡ್ಡಾದರೆ ಸಾಕು, ಒಂದು ಕಿಟಕಿ ಕಣ್ಣೆದುರು ಬಂದು ನಿಲ್ಲುತ್ತದೆ. ನಾಲ್ಕು ಸರಳುಗಳ, ಹಸಿರು ಬಣ್ಣ ಸುಲಿದುಹೋದ ಸಣ್ಣ ಕಿಟಕಿ. ಅದು ಹಾನಗಲ್ಲಿನ ದವಾಖಾನೆಯದೋ ಹಿರೇಕೆರೂರಿನದೋ ಈಗ ಖಚಿತವಾಗಿ ಹೇಳಲಾರೆ. ನಿಜ ಹೇಳಬೇಕೆಂದರೆ ಅದನ್ನು ನಾನು ಗೋಡೆಯಲ್ಲಿ ನೋಡಿದ್ದಕ್ಕಿಂತ ನಾಯಿಗಳ ಕಣ್ಣಿನಲ್ಲಿ ನೋಡಿದ್ದೇ ಹೆಚ್ಚು. ಅರೆನಿದ್ದೆಯಲ್ಲಿ ಆ ಕಿಟಕಿ ಮೆಲ್ಲಗೆ ಹತ್ತಿರ ಬರುತ್ತದೆ, ಒಂದು ಸರಳು ನಡುವೆ ಮುರಿದಿರುತ್ತದೆ, ಅಷ್ಟರಲ್ಲಿ ಎಚ್ಚರವಾಗುತ್ತದೆ. ಎದ್ದು ನೀರು ಕುಡಿಯುತ್ತೇನೆ.

ಪಶುವೈದ್ಯರಾಗಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಆಗಾಗ ಮನೆಗೆ ಬರುತ್ತಾರೆ. ಎಲ್ಲೆಲ್ಲಿಗೆ ವರ್ಗವಾಯಿತು, ಯಾವಾಗ ಬಡ್ತಿ ಸಿಕ್ಕಿತು ಎಂದು ಕೇಳುತ್ತಾರೆ. ಅದೆಲ್ಲ ಸರಕಾರಿ ಕಾಗದಗಳಲ್ಲಿದೆ, ಬೇಕಾದವರು ಅಲ್ಲೇ ಓದಿಕೊಳ್ಳಲಿ. ನಾನು ಬರೆಯಬೇಕೆಂದಿರುವುದು ನಾಯಿಯ ಕಣ್ಣಿನ ಹುಣ್ಣಿನ ಬಗ್ಗೆ. ಕಣ್ಣಿನ ಮುಂಭಾಗದ ಗಾಜಿನಂಥ ಪೊರೆಯ ಮೇಲೆ ಒಂದು ಸಣ್ಣ ಗಾಯ. ಬೇರೆ ಗಾಯವಾದರೆ ವಾರದಲ್ಲಿ ಮಾಯುತ್ತದೆ, ಇದು ಕೆಲವು ನಾಯಿಗಳಲ್ಲಿ ತಿಂಗಳುಗಟ್ಟಲೆ ಹಾಗೆಯೇ ಕೂತು ಸತಾಯಿಸುತ್ತದೆ. ದೊಡ್ಡ ರೋಗವೇನಲ್ಲ. ಆದರೆ ನನ್ನ ನೌಕರಿಯ ಅತಿ ದೊಡ್ಡ ತಪ್ಪು ನಾನು ಮಾಡಿದ್ದು ಅದರಲ್ಲೇ.

ಮೂವತ್ತರ ದಶಕದ ನಡುವೆ ಮುಂಬೈಯಲ್ಲಿ ಓದು ಮುಗಿಸಿ ಹಾನಗಲ್ಲಿಗೆ ಬಂದೆ. ಜನ ನನ್ನನ್ನು ದನದ ಡಾಕ್ಟರ್ ಎನ್ನುತ್ತಿದ್ದರು. ಎತ್ತು, ಎಮ್ಮೆ ಬಿಟ್ಟು ಬೇರೆ ಪ್ರಾಣಿಯನ್ನು ದವಾಖಾನೆಗೆ ತರಬಹುದು ಎಂಬ ಯೋಚನೆಯೇ ಬಹಳ ಜನರಿಗೆ ಇರಲಿಲ್ಲ. ಕಣ್ಣಿಗೆ ಏನಾದರೂ ಬಡಿದರೆ ಉಪ್ಪು, ತಂಬಾಕು ಅಗಿದು ಆ ರಸವನ್ನು ಕಣ್ಣಿಗೆ ಊದುವುದು ಅಲ್ಲಿಯ ಪದ್ಧತಿ. ನನಗೋ ಹೊಸ ಹುರುಪು. ಎತ್ತು ಹೊಡೆದುಕೊಂಡು ಬಂದಿದ್ದ ಒಬ್ಬ ರೈತನನ್ನು ಎದುರಿಗೆ ನಿಲ್ಲಿಸಿಕೊಂಡು, ಹೀಗೆ ಊದಿದರೆ ಕಣ್ಣು ಹೇಗೆ ಸುಡುತ್ತದೆ ಎಂದು ಬಹಳ ಹೊತ್ತು ಉಪದೇಶ ಮಾಡಿದೆ. ಆತ ತುಟಿ ಬಿಗಿದುಕೊಂಡು ತಲೆ ಆಡಿಸುತ್ತ ಕೇಳಿದ. ಎಂಥ ವಿನಯವಂತ ಎಂದುಕೊಂಡೆ. ನನ್ನ ಮಾತು ಮುಗಿದದ್ದೇ ತಡ, ಬಗ್ಗಿ ಎತ್ತಿನ ಕಣ್ಣಿಗೆ ಫೂ ಎಂದು ಊದಿ, ಬಾಯಿ ಒರೆಸಿಕೊಂಡು, "ಈಗ ಹೇಳ್ರಿ ಸಾಹೇಬ್ರ, ಏನೋ ಅನ್ನಾಕತ್ತಿದ್ರಿ" ಎಂದ. ಅಷ್ಟು ಹೊತ್ತೂ ಅವನ ಬಾಯಲ್ಲಿ ತಂಬಾಕಿತ್ತು.

ನಮ್ಮ ಮೇಲೆ ಒಬ್ಬ ಇನ್ಸ್‌ಪೆಕ್ಟರ್ ಇದ್ದರು. ತಲೆಗೆ ರುಮಾಲು, ಮೈಗೆ ಉದ್ದ ಕೋಟು, ಮೂಗಿನಲ್ಲಿ ಸದಾ ನಶ್ಯ. ತಪಾಸಣೆಗೆ ಟಾಂಗಾದಲ್ಲಿ ಬರುತ್ತಿದ್ದರು. "ಸರಕಾರ ನಮಗ ಎತ್ತಿನ ಸಲುವಾಗಿ ಪಗಾರ ಕೊಡ್ತದಪಾ, ನಾಯಿ ಸಲುವಾಗಿ ಅಲ್ಲ" ಎಂದು ಬಯ್ಯುತ್ತಲೇ ಅಂಗಳದಲ್ಲಿ ಮಲಗಿದ್ದ ಬೀದಿನಾಯಿಯ ಮೂತಿ ಹಿಡಿದು ಅದರ ಕಣ್ಣನ್ನು ಬೆಳಕಿಗೆ ತಿರುಗಿಸುವ ಮನುಷ್ಯ. ಕಣ್ಣು ನೋಡುವುದನ್ನು ನನಗೆ ನಿಜವಾಗಿ ಕಲಿಸಿದವರು ಅವರೇ.

"ಕಣ್ಣ ನೋಡಬ್ಯಾಡೋ, ಕಣ್ಣಾಗಿನ ಕಿಡಕಿ ನೋಡು" ಎಂದರು ಒಂದು ದಿನ. "ಸರಳು ನೆಟ್ಟಗಿದ್ರ ಕಣ್ಣ ನೆಟ್ಟಗದ. ಎಲ್ಲಿ ಸರಳು ಮುರಿದಂಗ ಕಾಣ್ತದೋ ಅಲ್ಲಿ ಗಾಯ ಅದ, ತಿಳೀತೇನು?"

ಬಗ್ಗಿ ನೋಡಿದೆ. ಆ ಬಡಕಲು ನಾಯಿಯ ಕಣ್ಣಿನಲ್ಲಿ ನಮ್ಮ ದವಾಖಾನೆಯ ಕಿಟಕಿ, ಅದರಾಚೆಯ ಬೇವಿನ ಮರ, ಮರದ ಮೇಲಿನ ಒಂದು ಚೂರು ಆಕಾಶ, ಎಲ್ಲವೂ ಇದ್ದವು. ಎಷ್ಟು ಹೊತ್ತು ನೋಡುತ್ತ ಕೂತೆನೋ ಗೊತ್ತಿಲ್ಲ. ಸಾಹೇಬರು ನಶ್ಯ ಏರಿಸಿ ಸೀನಿದಾಗಲೇ ನಾನು ಈ ಲೋಕಕ್ಕೆ ಬಂದದ್ದು. ಇನ್ನೊಂದು ಸಲ ಬಂದಾಗ ಮುಂಬೈಯಿಂದ ತರಿಸಿದ ಕೇಸರಿ ಬಣ್ಣದ ಪುಡಿಯ ಪೊಟ್ಟಣ ಕೊಟ್ಟರು. ಅದನ್ನು ನೀರಿನಲ್ಲಿ ಕದಡಿ ಕಣ್ಣಿಗೆ ಒಂದು ಹನಿ ಬಿಟ್ಟು ತೊಳೆದರೆ, ಗಾಯವಿದ್ದ ಜಾಗವಷ್ಟೇ ಎಳೆ ಹುಲ್ಲಿನ ಹಸಿರಾಗಿ ಹೊಳೆಯುತ್ತಿತ್ತು. ಆ ಹಸಿರು ಕಂಡಾಗಲೆಲ್ಲ ನನಗೆ ಏನೋ ಒಂದು ಮೋಡಿ ಕವಿದಂತಾಗುತ್ತಿತ್ತು. ರೋಗ ಅಷ್ಟು ಚೆಂದ ಕಾಣಬಾರದು.

ಎರಡು ವರ್ಷದ ಮೇಲೆ ಹಿರೇಕೆರೂರಿಗೆ ವರ್ಗವಾಯಿತು. ಒಂದು ಬೆಳಿಗ್ಗೆ ದವಾಖಾನೆಯ ಬಾಗಿಲು ತೆಗೆಯುವಾಗ ಕಟ್ಟೆಯ ಮೇಲೆ ಹೆಗಲಿಗೆ ಕಂಬಳಿ ಹಾಕಿಕೊಂಡ ಒಬ್ಬ ಕುರುಬ, ಅವನ ಕಾಲ ಹತ್ತಿರ ಮಾಸಲು ಬಣ್ಣದ ದೊಡ್ಡ ನಾಯಿ. ಕುರುಬನ ಹೆಸರು ಯಲ್ಲಪ್ಪ. ನಾಯಿ ಮಲ್ಲ. ಚಿಕ್ಕೇರೂರಿನಿಂದ ನಸುಕಿನಲ್ಲೇ ನಡೆದು ಬಂದಿದ್ದರು. ಮಲ್ಲ ಎಡಗಣ್ಣು ಬಿಗಿಯಾಗಿ ಮುಚ್ಚಿಕೊಂಡು, ಬೆಳಕು ತಾಗದ ಹಾಗೆ ಮೂತಿಯನ್ನು ಕಂಬಳಿಯೊಳಗೆ ತುರುಕಿತ್ತು.

"ಜಾಲಿ ಮುಳ್ಳು ಬಡದೈತ್ರಿ" ಎಂದ ಯಲ್ಲಪ್ಪ. "ಹದಿನೈದು ದಿನಾತು. ಕಣ್ಣಾಗ ಹೂ ಬಿದ್ದಂಗ ಆಗೇತಿ. ತ್ವಾಳ ಬಂದ್ರ ಮದ್ಲ ನೋಡಾಂವ ಇಂವನರಿ. ಇವನ ಕಣ್ಣ ಹೋದ್ರ ನನ್ನ ಹಿಂಡಿಗೆ ಕಣ್ಣಿಲ್ಲ."

ಕಣ್ಣು ಮುಟ್ಟಗೊಡದ ನಾಯಿಯನ್ನು ನೋಡುವುದು ಹೇಗೆ? ಬೀಗದ ಕಪಾಟಿನಿಂದ ಕೊಕೇನ್ ದ್ರಾವಣ ತೆಗೆದು ಎರಡು ಹನಿ ಬಿಟ್ಟೆ. ಆ ಕಾಲಕ್ಕೆ ಕಣ್ಣನ್ನು ಮರಗಟ್ಟಿಸಲು ನಮ್ಮ ಬಳಿ ಇದ್ದದ್ದು ಅದೊಂದೇ. ಸ್ವಲ್ಪ ಹೊತ್ತಿನಲ್ಲಿ ಮಲ್ಲ ಕಣ್ಣು ತೆರೆಯಿತು. ಕಿಟಕಿಯ ಮೂರನೆಯ ಸರಳು ನಡುವೆ ಮುರಿದಿತ್ತು. ಬಣ್ಣ ಹಾಕಿದೆ, ಜೋಳದ ಕಾಳಿನಷ್ಟು ಗಾಯ ಹಸಿರಾಯಿತು. ನಾನು ನೋಡುತ್ತಿದ್ದಂತೆಯೇ ಮಲ್ಲ ಯಲ್ಲಪ್ಪನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋಯಿತು. ಹದಿನೈದು ದಿನ ನಿದ್ದೆಯಿಲ್ಲದ ನಾಯಿ ಗೊರಕೆ ಹೊಡೆಯತೊಡಗಿತು. ಯಲ್ಲಪ್ಪನ ಕಣ್ಣಲ್ಲಿ ನೀರು ಬಂತು.

"ಆ ಹನಿ ಸ್ವಲ್ಪ ಕೊಡ್ರಿ ಸಾಹೇಬ್ರ" ಎಂದ. "ಅಡವ್ಯಾಗ ಅಳಾಕತ್ರ ನನಗ ನೋಡಾಕ ಆಗೂದಿಲ್ಲ."

ಅದು ಮನೆಗೆ ಕೊಟ್ಟು ಕಳಿಸುವ ಔಷಧವಲ್ಲ. ಕೊಟ್ಟೆ. ತೆಳ್ಳಗೆ ಮಾಡಿ ಒಂದು ಪುಟ್ಟ ಸೀಸೆಯಲ್ಲಿ ತುಂಬಿ, "ಅಳುವಾಗ ಎರಡು ಹನಿ ಬಿಡು" ಎಂದೆ. ಆ ದಿನ ಊಟಕ್ಕೆ ಮನೆಗೆ ಹೋದಾಗ ನನಗೆ ನನ್ನ ಮೇಲೆಯೇ ಬಹಳ ಪ್ರೀತಿ ಬಂದಿತ್ತು. ಎಷ್ಟು ಕರುಣಾಳು ವೈದ್ಯ ನಾನು ಎಂದು ಹೆಂಡತಿಯ ಮುಂದೆ ಎರಡು ಸಲ ಹೇಳಿದೆ. ಆಕೆ ಇನ್ನೊಂದು ರೊಟ್ಟಿ ಬಡಿಸಿದಳು.

ವಾರಕ್ಕೊಮ್ಮೆ ಅವರಿಬ್ಬರೂ ಬರುತ್ತಿದ್ದರು. ಬೋರಿಕ್ ನೀರಿನಲ್ಲಿ ತೊಳೆದೆ, ಆಟ್ರೊಪಿನ್ ಬಿಟ್ಟೆ, ಹಳದಿ ಮುಲಾಮು ಹಚ್ಚಿದೆ. ಗಾಯ ಆಳಕ್ಕೂ ಇಳಿಯಲಿಲ್ಲ, ಮಾಯಲೂ ಇಲ್ಲ. ಬಣ್ಣ ಹಾಕಿದಾಗ ಒಂದು ಸಂಗತಿ ಕಾಣುತ್ತಿತ್ತು: ಹಸಿರು ಗಾಯದ ಅಂಚಿಗೆ ನಿಲ್ಲದೆ ಸುತ್ತಲಿನ ಪದರದ ಕೆಳಗೂ ಜಿನುಗಿ ಹರಡುತ್ತಿತ್ತು. ವಿಚಿತ್ರವಾಗಿದೆ ಎಂದುಕೊಂಡು ಸುಮ್ಮನಾದೆ. ಪ್ರತಿ ಸಲವೂ ಸೀಸೆ ತುಂಬಿಕೊಟ್ಟೆ. ಮಲ್ಲ ನನ್ನನ್ನು ಕಂಡರೆ ಬಾಲ ಆಡಿಸುತ್ತಿತ್ತು. ನಾನು ನೆಲದ ಮೇಲೆ ಅದರ ಪಕ್ಕವೇ ಕೂತು ಕತ್ತು ತುರಿಸುತ್ತಿದ್ದೆ. ಆ ಬೆಳಗುಗಳು ಈಗ ಎಲ್ಲ ಒಂದೇ ಬೆಳಗಿನಂತೆ ಕಾಣುತ್ತವೆ: ಕಿಟಕಿಯಿಂದ ಬಿದ್ದ ಬಿಸಿಲಿನ ಪಟ್ಟಿ, ಅದರಲ್ಲಿ ತೇಲುವ ಧೂಳು, ಕಂಬಳಿಯ ಕುರಿವಾಸನೆ, ಮಾತಿಲ್ಲದ ಮೂವರು. ಒಂದು ದಿನ, ನಾನಿನ್ನೂ ಮಲ್ಲನ ಕತ್ತು ತುರಿಸುತ್ತಿರುವಾಗಲೇ, ಹೊರಟ ಯಲ್ಲಪ್ಪ ಬಾಗಿಲಲ್ಲಿ ನಿಂತ. ಏನೋ ಕೇಳುವವನಂತೆ ಸೀಸೆಯನ್ನೂ ನನ್ನ ಮುಖವನ್ನೂ ನೋಡಿದ. "ಏನು ಯಲ್ಲಪ್ಪಾ?" ಎಂದೆ. "ಏನಿಲ್ರಿ" ಎಂದು ಹೋದ.

ಮೂರನೆಯ ತಿಂಗಳಲ್ಲಿ ಕಣ್ಣು ಮಂಜಾಯಿತು, ಮೆತ್ತಗಾಯಿತು, ಒಂದು ದಿನ ಒಡೆಯಿತು. ನಾನೇ ಅದನ್ನು ಕತ್ತರಿಸಿ ತೆಗೆದೆ. ಯಲ್ಲಪ್ಪ ಮಲ್ಲನ ತಲೆ ಹಿಡಿದುಕೊಂಡಿದ್ದ. ಗಾಯ ಆರಿದ ಮೇಲೆ ಕೊನೆಯ ಸಲ ಬಂದಾಗ ನನಗಾಗಿ ನೇಯಿಸಿದ ಒಂದು ಕರಿಯ ಕಂಬಳಿ ತಂದಿದ್ದ. ಬೇಡವೆಂದರೂ ಮೇಜಿನ ಮೇಲಿಟ್ಟು ಕೈ ಮುಗಿದ. ಹೊರಡುವಾಗ ನಾಯಿಯ ಬಲಕ್ಕಿದ್ದವನು ಸುತ್ತುಹಾಕಿ ಎಡಕ್ಕೆ ಬಂದ.

"ಈ ಕಡೆ ಇನ್ನ ಮ್ಯಾಲ ನಾ ನೋಡ್ತೇನ್ರಿ" ಎಂದ.

ಇಬ್ಬರೂ ರಸ್ತೆಯ ತಿರುವಿನಲ್ಲಿ ಮರೆಯಾಗುವ ತನಕ ನಿಂತು ನೋಡಿದೆ. ನನ್ನ ಕೈಲಾದದ್ದೆಲ್ಲ ಮಾಡಿದೆನಲ್ಲ ಎಂದು ಸಮಾಧಾನ ಹೇಳಿಕೊಂಡೆ. ಆ ಸಮಾಧಾನ ಹಲವು ವರ್ಷ ಬಾಳಿತು.

ಯುದ್ಧದ ವರ್ಷಗಳಲ್ಲಿ ಸವಣೂರಿನಲ್ಲಿದ್ದೆ. ಔಷಧಗಳು ಬರುವುದೇ ನಿಂತಿತ್ತು. ಅಲ್ಲಿ ಖೈರುನ್‌ಬೀ ಎಂಬ ಹಿರಿಯ ಹೆಂಗಸು, ಎಲೆಬಳ್ಳಿಯ ತೋಟದ ಒಡತಿ. ಊರವರ ಕಣ್ಣಿಗೆ ಕಸ ಬಿದ್ದರೆ ತೆಗೆಯುವುದರಲ್ಲಿ ಅವಳದು ಎತ್ತಿದ ಕೈ. ಹತ್ತಿಯನ್ನು ಬತ್ತಿಯ ಹಾಗೆ ಹೊಸೆದು, ರೆಪ್ಪೆ ಮಡಚಿ, ಉಸಿರು ಬಿಡುವಷ್ಟರಲ್ಲಿ ಕಸ ತೆಗೆದು ತೋರಿಸುತ್ತಿದ್ದಳು. ಅವಳ ತೋಟ ಕಾಯುವ ನಾಯಿ ಶೇರೂಗೆ ಅದೇ ಹುಣ್ಣಾಯಿತು. ಮಲ್ಲನ ಕಣ್ಣೇ ತಿರುಗಿ ಬಂದಂತಿತ್ತು. ತೊಳೆದೆ, ಮುಲಾಮು ಹಚ್ಚಿದೆ, ಮೂರು ವಾರ ಏನೂ ಆಗಲಿಲ್ಲ. ಖೈರುನ್‌ಬೀ ದಿನವೂ ತೋಟದ ಬಾಗಿಲಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು.

"ಸಾಹೇಬ್, ನೀವು ಕಲತವ್ರು" ಎಂದಳು ಕೊನೆಗೆ. "ನಾ ಬರೇ ಮಂದಿ ಕಣ್ಣಾಗಿನ ಕಸಾ ತಗಿಯಾಕಿ. ಒಂದ ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಆ ಗಾಯದ ಸುತ್ತ ಒಂದ ಪದರ ಎದ್ದ ನಿಂತೈತಿ. ರೆಪ್ಪಿ ಬಡದಾಗೊಮ್ಮೆ ಅಲ್ಲಾಡತೈತಿ. ಗ್ವಾಡಿ ಮ್ಯಾಲ ಎದ್ದ ಹಕ್ಕಳಿ ಕೆರೀದ ಸುಣ್ಣಾ ಹಚ್ಚಿದ್ರ ನಿಲ್ತೈತೇನ್ರಿ?"

"ಅದು ಗ್ವಾಡಿ ಅಲ್ಲ ಬೀಬಿ, ಕಣ್ಣು" ಎಂದೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು.

"ಗ್ವಾಡಿ ಆಗಿದ್ರ ನಿಮ್ಮನ್ಯಾಕ ಕರೀತಿದ್ದೆ, ನಾನ ಕೆರೀತಿದ್ದೆ ಬಿಡ್ರಿ" ಎಂದು ನಕ್ಕಳು.

ಬಿರಬಿರನೆ ಮನೆಗೆ ಬಂದೆ. ಕಂಬಳಿಯ ಮೇಲೆ ಮಲಗಿದೆ, ಜೊಂಪು ಹತ್ತಿತು. ಹಿರೇಕೆರೂರಿನ ಬಿಸಿಲುಪಟ್ಟಿ, ಮಲ್ಲನ ಕಣ್ಣು, ಅಂಚು ದಾಟಿ ಪದರದಡಿಗೆ ಜಿನುಗುವ ಹಸಿರು. ದಡಕ್ಕನೆ ಎದ್ದು ಕೂತೆ. ಪದರ ಎದ್ದಿದ್ದರಿಂದಲೇ ಅಲ್ಲವೇ ಬಣ್ಣ ಅದರಡಿಗೆ ಹೋಗುತ್ತಿದ್ದದ್ದು? ಮೂರು ತಿಂಗಳು ನನ್ನ ಕಣ್ಣೆದುರೇ ಇದ್ದದ್ದನ್ನು ಆ ಹೆಂಗಸು ಬಾಗಿಲಲ್ಲಿ ಕೂತೇ ನೋಡಿದ್ದಳು.

ಮರುದಿನ ಜಂಬ ಬದಿಗಿಟ್ಟು ಅವಳ ಮುಂದೆ ಕೂತು ಬತ್ತಿ ಹೊಸೆಯುವುದನ್ನು ಕಲಿತೆ. ಬಿಗಿ ಹೊಸೆಯಬಾರದು, ಒದ್ದೆ ಮಾಡಬಾರದು. ಸೀಸೆಯ ತಳದಲ್ಲಿ ಉಳಿದಿದ್ದ ಕೊನೆಯ ಕೊಕೇನ್ ಹನಿಗಳನ್ನು ಶೇರೂನ ಕಣ್ಣಿಗೆ ಬಿಟ್ಟು, ಒಣ ಬತ್ತಿಯಿಂದ ಗಾಯದ ಅಂಚನ್ನು ಮೆಲ್ಲಗೆ ಸವರಿದೆ. ಹಾಲಿನ ಕೆನೆ ಸರಿದಂತೆ ಪದರ ಮಡಚಿಕೊಂಡು ಬಂತು. ಎಷ್ಟು ಬಂತೆಂದರೆ ನನಗೇ ಹೆದರಿಕೆಯಾಯಿತು. ಎಲ್ಲಿ ಗಟ್ಟಿಯಾಗಿ ಅಂಟಿತ್ತೋ ಅಲ್ಲಿ ನಿಲ್ಲಿಸಿದೆ. ಮನೆಗೆ ಕೊಡಲು ನನ್ನ ಬಳಿ ಹನಿ ಇರಲಿಲ್ಲ. ಶೇರೂ ಎರಡು ದಿನ ಅತ್ತಿತು. ಹನ್ನೆರಡನೆಯ ದಿನ ಅದರ ಕಣ್ಣಿನಲ್ಲಿ ತೋಟದ ಬಾಗಿಲು, ಬಾಗಿಲಲ್ಲಿ ಕೂತ ಖೈರುನ್‌ಬೀ, ಎಲ್ಲ ನೆಟ್ಟಗೆ ಕಂಡವು.

ಎಲ್ಲವೂ ಬತ್ತಿಯ ಮಹಿಮೆ ಎಂದು ನಾನು ತಿಳಿದೆ. ಅರ್ಧ ಮಾತ್ರ ತಿಳಿದಿದ್ದೆ.

ಯುದ್ಧ ಮುಗಿದ ಮೇಲೆ ಶಿಗ್ಗಾಂವಿಗೆ ಬಂದೆ, ಕಪಾಟಿಗೆ ಕೊಕೇನ್ ಮತ್ತೆ ಬಂತು. ದುಂಡಸಿಯ ಶಾಲೆಯ ಮಾಸ್ತರರೊಬ್ಬರು ತಮ್ಮ ನಾಯಿ ಕೆಂಚನನ್ನು ಬಸ್ಸಿನಲ್ಲಿ ತರುತ್ತಿದ್ದರು. ಕಂಡಕ್ಟರನ ಜೊತೆ ಜಗಳವಾಡಿಯೇ ಇಳಿಯುತ್ತಿದ್ದರು. ಅದೇ ಹುಣ್ಣು. ಬತ್ತಿಯಿಂದ ಸವರಿ, ಹಳೆಯ ರೂಢಿಯಂತೆ ನೋವಿಗೆ ಸೀಸೆಯನ್ನೂ ಕೊಟ್ಟೆ. ಹತ್ತು ದಿನಕ್ಕೂ ಮಾಯಲಿಲ್ಲ. ಇನ್ನೊಮ್ಮೆ ಸವರಿದೆ, ಇನ್ನೊಂದು ಸೀಸೆ ಕೊಟ್ಟೆ. ಮೂರನೆಯ ಸಲ ಬಂದಾಗ ಕೆಂಚ ಎರಡೂ ಕಣ್ಣು ಅಗಲವಾಗಿ ತೆರೆದಿತ್ತು. ಬಣ್ಣ ಹಾಕಿದೆ, ಹಸಿರಿನ ಸುಳಿವೇ ಇಲ್ಲ. ನನ್ನ ಎದೆ ಉಬ್ಬಿತು. ಮಾಸ್ತರರು ಮಾತ್ರ ತಲೆ ತಗ್ಗಿಸಿ ನಿಂತಿದ್ದರು.

"ತಪ್ಪಾತ್ರಿ ಡಾಕ್ಟರ್ರ" ಎಂದರು. "ಹ್ವಾದ ಸಲ ಬಸ್ ಇಳಿಯೂ ಮುಂದ ಸೀಸೆ ಕೈ ಜಾರಿ ಒಡೀತು. ಮತ್ತ ಕೇಳಾಕ ನಾಚಿಕಿ ಆತು. ಅವತ್ತಿಂದ ಹನಿ ಒಂದ ಸಲಾನೂ ಬಿಟ್ಟಿಲ್ರಿ."

ಶೇರೂಗೆ ಮನೆಯಲ್ಲಿ ಬಿಡಲು ಹನಿ ಕೊಟ್ಟಿರಲಿಲ್ಲ, ಮಲ್ಲನಿಗೆ ಪ್ರತಿ ವಾರ ಕೊಟ್ಟಿದ್ದೆ. ಮಾಸ್ತರರು ಮುಂದೆ ಏನು ಹೇಳಿದರೋ ಕೇಳಿಸಲಿಲ್ಲ. ಅವರು ಹೋದ ಮೇಲೂ ಅದೇ ಕುರ್ಚಿಯಲ್ಲಿ ಕೂತಿದ್ದೆ. ಆಮೇಲೆ ಬಂದ ಮೂರು ನಾಯಿಗಳಿಗೆ ಸವರುವ ಮೊದಲು ಒಂದು ಸಲ ಹನಿ ಬಿಟ್ಟೆ, ಮನೆಗೆ ಕೊಡಲಿಲ್ಲ. ಮೂರೂ ವಾಸಿಯಾದವು. ಧಾರವಾಡದಲ್ಲಿ ನಿವೃತ್ತರಾಗಿದ್ದ ಇನ್ಸ್‌ಪೆಕ್ಟರ್ ಸಾಹೇಬರಿಗೆ ಎಲ್ಲವನ್ನೂ ಬರೆದೆ. ಒಂದು ಕಾರ್ಡಿನಲ್ಲಿ ಉತ್ತರ ಬಂತು. ನೋವು ಕೊಲ್ಲುವ ಹನಿ ಹುಟ್ಟುತ್ತಿರುವ ಹೊಸ ಪದರವನ್ನೂ ಕೊಲ್ಲುತ್ತಿದ್ದಿರಬೇಕು, ಇದು ತಮಗೂ ಹೊಳೆದಿರಲಿಲ್ಲ ಎಂದು ಬರೆದಿದ್ದರು. ಕೊನೆಗೆ ಒಂದು ಸಾಲು: ಹೇಳಬೇಕಾದವರಿಗೆ ಹೋಗಿ ಹೇಳಿ ಬಾ.

ಹೋಗಲು ಆರು ತಿಂಗಳು ಹಿಡಿಯಿತು. ಕೆಲಸವಿತ್ತು ಎಂದು ಸುಳ್ಳು ಹೇಳಲಾರೆ, ಧೈರ್ಯವಿರಲಿಲ್ಲ. ಹಿರೇಕೆರೂರಿಗೆ ಬಸ್ಸಿನಲ್ಲಿ ಹೋಗಿ, ಯಲ್ಲಪ್ಪ ಯಾವಾಗಲೂ ನಡೆದು ಬರುತ್ತಿದ್ದ ದಾರಿಯಲ್ಲೇ ಚಿಕ್ಕೇರೂರಿಗೆ ನಡೆದೆ. ಪ್ರತಿ ವಾರ ಒಂದು ಕಣ್ಣು ಕುರುಡಾಗುತ್ತಿರುವ ನಾಯಿಯೊಂದಿಗೆ ಇಷ್ಟು ದೂರವೇ ಎನ್ನಿಸಿತು. ಮಧ್ಯಾಹ್ನವಾಗಿತ್ತು. ಕೆರೆಯ ಏರಿಯ ಕೆಳಗೆ ಕುರಿಗಳು ಒಂದರ ಹೊಟ್ಟೆಯಡಿ ಒಂದು ತಲೆಯಿಟ್ಟು ನಿಂತಿದ್ದವು. ಬಿಸಿಲಿಗೆ ಎಲ್ಲವೂ ನೀರಿನೊಳಗಿನ ಊರಿನಂತೆ ಅಲ್ಲಾಡುತ್ತಿತ್ತು. ನೆರಳಲ್ಲಿ ಯಲ್ಲಪ್ಪ ಕೂತಿದ್ದ, ಮೀಸೆ ಬೆಳ್ಳಗಾಗಿತ್ತು. ಪಕ್ಕದಲ್ಲಿ ಹರೆಯದ ಒಂದು ಕರಿ ನಾಯಿ. ಮಲ್ಲ ಸತ್ತು ಎರಡು ವರ್ಷವಾಯಿತೆಂದ. ಮುದಿಯಾಗಿ, ನಿದ್ದೆಯಲ್ಲಿ ಸತ್ತಿತಂತೆ.

"ಯಲ್ಲಪ್ಪಾ" ಎಂದೆ, "ಮಲ್ಲನ ಕಣ್ಣು ಮುಳ್ಳಿನಿಂದ ಹೋಗ್ಲಿಲ್ಲ. ನಾ ಕೊಟ್ಟ ಸೀಸೆಯಿಂದ ಹೋತು. ತಪ್ಪು ನಂದು. ಅದನ್ನ ಹೇಳಾಕ ಬಂದೇನಿ."

ಆತ ಕೋಲಿನಿಂದ ನೆಲ ಗೀರಿದ.

"ನನಗ ಅವಾಗನ ಅನಿಸಿತ್ರಿ" ಎಂದ. "ಸೀಸಾ ತೀರಿದ ದಿನಾ ಅಳ್ತಿದ್ದ, ಖರೆ. ಆದ್ರ ಎರಡ ದಿನ ಹನಿ ಇಲ್ಲಂದ್ರ ಕಣ್ಣ ತಟಗ ತಿಳಿ ಆಗ್ತಿತ್ತು. ಮತ್ತ ಬಿಟ್ರ ಮತ್ತ ಮಂಜು. ಒಂದಿನ ಹೇಳಬೇಕಂತ ನಿಮ್ಮ ಬಾಗಲದಾಗ ನಿಂತಿದ್ದೆ."

"ಮತ್ತ ಯಾಕ ಹೇಳ್ಲಿಲ್ಲ?"

"ನೀವು ನೆಲಕ್ಕ ಕುಂತು ಅವನ ಕುತ್ತಿಗಿ ತುರಸಾಕತ್ತಿದ್ರಿ. ನಮ್ಮ ನಾಯಿನ್ನ ಹಂಗ ಯಾರೂ ಮುಟ್ಟಿದ್ದಿಲ್ರಿ. ಅಷ್ಟು ಕಕುಲಾತಿಲೆ ನೋಡೋರಿಗೆ ನಿಮ್ಮ ಔಷಧ ಬರೋಬರಿ ಇಲ್ಲ ಅಂತ ಹ್ಯಾಂಗ ಅನ್ಲಿ?"

ನಾನು ಅತ್ತೆ. ಮುಚ್ಚಿಡುವುದೇನು, ಕುರಿಗಳ ನಡುವೆ ಕೂತು ಮಗುವಿನ ಹಾಗೆ ಅತ್ತೆ. ಅವನು ಹೇಳಲು ಸಂಕೋಚಪಟ್ಟ, ನಾನು ಕೇಳುವ ಗೋಜಿಗೇ ಹೋಗಲಿಲ್ಲ, ನಡುವೆ ನಾಯಿಯ ಕಣ್ಣು ಹೋಯಿತು. ಹುಡುಗರೇ, ಅಂದಿನಿಂದ ನೌಕರಿ ಮುಗಿಯುವ ತನಕ ಬಂದವರನ್ನೆಲ್ಲ ಕೂರಿಸಿಕೊಂಡು ನಾನು ಕೇಳಿದ ಮೊದಲ ಪ್ರಶ್ನೆ ಒಂದೇ: ನನ್ನ ಔಷಧ ಇಲ್ಲದ ದಿನ ಹೇಗಿತ್ತು? ನೀವೂ ಕೇಳಿ. ಅವರು ಹೇಳುವ ತನಕ ಏಳಬೇಡಿ.

ಯಲ್ಲಪ್ಪ ನನಗೆ ಮಜ್ಜಿಗೆ ಕೊಟ್ಟ. ಆಮೇಲೆ ಕರಿ ನಾಯಿಯ ಮೂತಿ ಹಿಡಿದು ನನ್ನತ್ತ ತಿರುಗಿಸಿ, "ಬಂದೀರಿ ಅಂದ ಮ್ಯಾಲ ಇವನ ಕಣ್ಣ ಒಮ್ಮೆ ನೋಡ್ರಿ" ಎಂದ. ಅಲ್ಲಿ ಕಿಟಕಿ ಇರಲಿಲ್ಲ. ಕೆರೆಯ ಏರಿ, ಬಿಳಿ ಆಕಾಶ, ಪಕ್ಕಪಕ್ಕ ಕೂತ ಇಬ್ಬರು ಸಣ್ಣ ಮನುಷ್ಯರು ಇದ್ದರು. "ಛಲೋ ಅದಾವು" ಎಂದೆ.

ಬಿಸಿಲು ಇಳಿಯಿತು, ಕುರಿಗಳು ಕದಲಿದವು. ಯಲ್ಲಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ಎದ್ದ. ನಾಯಿ ಮುಂದೆ ಹೊರಟಿತು. ಅದಕ್ಕೆ ಎರಡೂ ಕಣ್ಣು ಇದ್ದವು. ಆತ ಸುತ್ತುಹಾಕಿ ಹೋಗಿ ಅದರ ಎಡಕ್ಕೇ ನಡೆದ.